ಮೂರನೇ ಜೊತೆ ಬ್ರೇಕ್ ಪ್ಯಾಡು

"ಒಂದು ಮಾತು ಕೇಳ್ತೀನಿ, ನಿಜ ಹೇಳಿ ಲಿಂಗರಾಜು ಅವ್ರೇ. ನಾನು ಮತ್ತೆ ಮತ್ತೆ ಬರ್ಲಿ ಅಂತಾನೇ ಹಿಂಗೆ ಮಾಡ್ತಿದ್ದೀರಾ?"

ಕಮಲ ಕಾರಿನ ಬಾಗಿಲನ್ನು ದಡಾರನೆ ಹಾಕಿದಳು. ರಾಮಕೃಷ್ಣನಗರದ ಆ ಪುಟ್ಟ ಗ್ಯಾರೇಜಿನಲ್ಲಿ ಲಿಂಗರಾಜು ಸ್ಪ್ಯಾನರ್ ಹಿಡಿದು ಹಾಗೇ ನಿಂತುಬಿಟ್ಟ. ನಾಲ್ಕು ತಿಂಗಳಲ್ಲಿ ಇದು ಮೂರನೇ ಸಲ. ಅದೇ ಬಿಳಿ ಚಿಕ್ಕ ಕಾರು, ಅದೇ ಬ್ರೇಕಿನ ಕಿರುಚಾಟ.

"ಗೋಕುಲಂ ಸ್ಕೂಲ್ ಗೇಟಲ್ಲಿ ಬ್ರೇಕ್ ಒತ್ತಿದ್ರೆ ಮಕ್ಕಳೆಲ್ಲ ಕಿವಿ ಮುಚ್ಕೋತಾರೆ. 'ಕೀಚ್ ಮಿಸ್ ಬಂದ್ರು' ಅಂತಾರೆ. ನಗ್ಬೇಡಿ!"

"ನಗ್ಲಿಲ್ಲ ಮೇಡಂ."

ನಗುವ ಸ್ಥಿತಿಯಲ್ಲಿ ಅವನಿರಲಿಲ್ಲ. ಮೋಸ ಮಾಡಿರಲಿಲ್ಲ, ನಿಜ. ಆದರೆ ಅವಳು ಬರಲಿ ಎಂದು ಮನಸ್ಸು ಕಾಯುತ್ತಿದ್ದುದೂ ಅಷ್ಟೇ ನಿಜ. ಕೋಪ ಬಂದಾಗ ಅವಳು ಸೀಮೆಸುಣ್ಣದ ಬೆರಳಿನಿಂದ ಮುಂಗೂದಲು ತಳ್ಳುತ್ತಾಳೆ. ಹಣೆಯ ಮೇಲೊಂದು ಬಿಳಿ ಗೀರು ಉಳಿಯುತ್ತದೆ. ಅದು ಅವಳಿಗೆ ಗೊತ್ತಿಲ್ಲ. ಅವನು ಆ ಗೀರನ್ನು ವಾರಗಟ್ಟಲೆ ಮರೆಯುವುದಿಲ್ಲ.

ತನ್ನ ಕೈಯೇ ತನಗೆ ತಿಳಿಯದಂತೆ ಏನಾದರೂ ತಪ್ಪು ಮಾಡಿತೇ? ಮೊದಲ ಸಲ ಮೆತ್ತನೆಯ ಪ್ಯಾಡು ಹಾಕಿದ್ದ. ಸದ್ದು ಕಡಿಮೆ, ಬೇಗ ಸವೆಯುತ್ತದೆ. ಎರಡನೇ ಸಲ ಬಹಳ ದಿನ ಬಾಳುವ ಗಟ್ಟಿ ಪ್ಯಾಡು. ಅಂಚು ಉಜ್ಜಿದ್ದ, ಹಿಂಬದಿಗೆ ತೆಳುವಾಗಿ ಗ್ರೀಸ್ ಸವರಿದ್ದ. ಊಟದ ತಟ್ಟೆಯ ಮುಂದೆಯೂ ಅದೇ ಲೆಕ್ಕಾಚಾರ.

ಚಕ್ರ ಬಿಚ್ಚಿದ. ಪ್ಯಾಡು ಸವೆದಿರಲಿಲ್ಲ, ಆದರೆ ಮೈಯೆಲ್ಲ ಗಾಜಿನಂತೆ ಹೊಳೆಯುತ್ತಿತ್ತು. ವಿಪರೀತ ಕಾದರೆ ಮಾತ್ರ ಹೀಗಾಗುತ್ತದೆ.

"ಈ ಕಾರು ಎಲ್ಲೆಲ್ಲಿಗೆ ಹೋಗುತ್ತೆ ಮೇಡಂ?"

"ವಿಜಯನಗರದ ಮನೆಯಿಂದ ಸ್ಕೂಲಿಗೆ. ಮಂಗಳವಾರ ಅಮ್ಮನ್ನ ಕರ್ಕೊಂಡು ಚಾಮುಂಡಿ ಬೆಟ್ಟಕ್ಕೆ. ಅಷ್ಟೇ."

"ಇವತ್ತು ಮಂಗಳವಾರ. ಹೊಸ ಜೊತೆ ಹಾಕ್ತೀನಿ. ನಾನೂ ಬರ್ಲಾ?"

ಕಮಲ ಹುಬ್ಬೇರಿಸಿದಳು. "ಇದೂ ನಿಮ್ಮ ಪ್ಲಾನಾ?"

ಅವನ ಕಿವಿ ಕೆಂಪಾಯಿತು. ಅವಳ ಮುಖದಲ್ಲಿ ಸಿಟ್ಟು ಇಳಿದಿರಲಿಲ್ಲ. ಕಣ್ಣು ಮಾತ್ರ ಆ ಕೆಂಪು ಕಿವಿಯ ಮೇಲೆ ಅಗತ್ಯಕ್ಕಿಂತ ತುಸು ಹೆಚ್ಚೇ ಹೊತ್ತು ನಿಂತಿತು.

ಸಂಜೆ ದರ್ಶನ ಮುಗಿಯಿತು. ಅವಳ ತಾಯಿ ಮಾದೇವಮ್ಮ ಹಣ್ಣುಕಾಯಿಯ ಚೀಲ ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತರು, ಲಿಂಗರಾಜು ಮುಂದೆ. ಇಳಿಜಾರು ಶುರುವಾದದ್ದೇ ತಡ, ಕಮಲ ಗೇರ್ ತೆಗೆದು ನ್ಯೂಟ್ರಲ್‌ಗೆ ಹಾಕಿದಳು. ಕಾಲು ಬ್ರೇಕಿನ ಮೇಲೆ ಕೂತೇಬಿಟ್ಟಿತು.

"ಗೇರ್ ಯಾಕೆ ತೆಗೆದ್ರಿ?"

ಉತ್ತರ ಹಿಂದಿನಿಂದ ಬಂತು. "ಇಳಿಯಾಕೂ ಪೆಟ್ರೋಲ್ ಸುಡ್ಬೇಕೇನಪ್ಪ? ಇವ್ಳಪ್ಪ ಇದ್ದಾಗ ಸ್ಕೂಟರ್ ಆಫ್ ಮಾಡ್ಬುಟ್ಟು ತೇಲ್ಕಂಡೇ ಕೆಳೀಕ್ ಬರೋರು."

ಲಿಂಗರಾಜುವಿಗೆ ಎಲ್ಲ ಅರ್ಥವಾಯಿತು. ಗೇರ್ ಇಲ್ಲದೆ ಇಳಿಸಿ ಇಳಿಸಿಯೇ ಪ್ಯಾಡು ಕಾದಿದೆ. ಈ ಮಾತು ಹೇಳಿದರೆ ಕಿರುಚಾಟ ನಿಲ್ಲುತ್ತದೆ. ಅವಳು ಬರುವುದೂ ನಿಲ್ಲುತ್ತದೆ. ಒಂದು ತಿರುವಿನಷ್ಟು ದೂರ ಅವನು ಸುಮ್ಮನಿದ್ದ.

ಸುಟ್ಟ ವಾಸನೆ ಮೂಗಿಗೆ ಹತ್ತಿತು.

"ಪೆಡಲ್ ಒಳಗೊಳಗೇ ಹೋಗ್ತಿದೆ ಕಣ್ರೀ..." ಕಮಲ ಸ್ಟೀರಿಂಗ್ ಬಿಗಿಯಾಗಿ ಹಿಡಿದಳು.

"ಎರಡನೇ ಗೇರಿಗೆ ಹಾಕಿ. ಹೆದರ್ಬೇಡಿ. ಎಂಜಿನ್ನೇ ಹಿಡ್ಕೊಳ್ಳುತ್ತೆ."

ಕಾರು ಗುರ್ ಎಂದು ನಿಧಾನವಾಯಿತು. ನಂದಿಯ ಕಡೆಗೆ ದಾರಿ ಕವಲೊಡೆಯುವಲ್ಲಿ ಪಕ್ಕಕ್ಕೆ ನಿಲ್ಲಿಸಿದರು. ಮುಂದಿನ ಚಕ್ರದಿಂದ ಸಣ್ಣಗೆ ಹೊಗೆ ಬರುತ್ತಿತ್ತು. ಇಬ್ಬರೂ ಇಳಿದು ನೋಡಿದರು. ತನ್ನ ಆ ಒಂದು ತಿರುವಿನ ಮೌನ ನೆನೆದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

"ಬೆಟ್ಟದ ಭಾರವೆಲ್ಲ ಆ ಎರಡು ಬೆರಳಗಲದ ಪ್ಯಾಡ್ ಮೇಲೇ ಹಾಕಿದ್ರಿ ಮೇಡಂ. ಗೇರಲ್ಲಿ ಇಳಿಸಿ. ಆಮೇಲೆ ಒಂದೂವರೆ ವರ್ಷ ನನ್ನ ಗ್ಯಾರೇಜ್ ಕಡೆ ತಿರುಗಿ ನೋಡ್ಬೇಕಾಗಿಲ್ಲ."

"ಅಂದ್ರೆ ತಪ್ಪು ನಂದು. ನಿಮ್ಮನ್ನ ಏನೇನೋ ಅಂದ್ಬುಟ್ಟೆ."

"ಅಂದಿದ್ರಲ್ಲಿ ಅರ್ಧ ನಿಜ." ಅವನು ಚಕ್ರವನ್ನೇ ನೋಡುತ್ತ ಹೇಳಿದ. "ಪ್ಯಾಡಲ್ಲಿ ಮೋಸ ಮಾಡ್ಲಿಲ್ಲ. ಆದ್ರೆ ನೀವು ಬರ್ಲಿ ಅಂತ ದಿನಾನೂ ಕಾಯ್ತಿದ್ದೆ."

ಕಮಲ ಮುಂಗೂದಲು ತಳ್ಳಿಕೊಂಡಳು. ಈ ಸಲ ಹಣೆಯ ಮೇಲೆ ಬಿಳಿ ಗೀರಲ್ಲ, ಪ್ರಸಾದದ ಕುಂಕುಮ ಹರಡಿತು. ಅವನ ನೋಟ ಅಲ್ಲೇ ನಿಂತದ್ದನ್ನು ಅವಳು ಕಂಡಳು. ಒರೆಸಿಕೊಳ್ಳಲಿಲ್ಲ.

"ಮುಂದಿನ ಮಂಗಳವಾರ ಅಮ್ಮ ಬೆಟ್ಟಕ್ಕೆ ಬರಲ್ಲ. ಕಾಲ್ನೋವು," ಎಂದಳು ಮೆಲ್ಲಗೆ. "ಗೇರಲ್ಲಿ ಒಬ್ಬಳೇ ಇಳಿಸೋಕೆ ನಂಗೆ ಭಯ."

ಕಾರಿನ ಕಿಟಕಿಯಿಂದ ಮಾದೇವಮ್ಮ ತಲೆ ಹೊರಹಾಕಿದರು. "ನಂಗೆಲ್ಲೇ ಕಾಲ್ನೋವು?"

ಮಾದೇವಮ್ಮ ಮಗಳ ಮುಖ ನೋಡಿದರು, ಅವನ ಕೆಂಪು ಕಿವಿ ನೋಡಿದರು, ನಿಧಾನಕ್ಕೆ ಬಗ್ಗಿ ಮಂಡಿ ಒತ್ತಿಕೊಂಡರು.

"ಊಂ... ಈಗ ಒಸಿ ನೋಯ್ತಾ ಅದೆ ಕಣಪ್ಪ."