ಯೋಹಾನ ಮಾಸ್ತರರ ಮೂರು ಪೆಡಲು

ಯೋಹಾನ ಮಾಸ್ತರರ ಕಾರು ಕೆಲಗೇರಿ ಕೆರೆಯ ಕಲ್ಲುಕಟ್ಟೆಗೆ ಮೂತಿ ಒಡೆದುಕೊಂಡು ನಿಂತಾಗ ಎಂಜಿನ್ ಇನ್ನೂ ಒದರುತ್ತಲೇ ಇತ್ತು. ಸ್ಟೀರಿಂಗ್ ಮಾಸ್ತರರ ಎದೆಗೆ ಹೊಕ್ಕಿತ್ತು. ಜೀವ ಹೋಗಿದ್ದರೂ ಬಲಗಾಲು ಬಲಗಡೆಯ ಪೆಡಲನ್ನು ಒತ್ತಿಕೊಂಡೇ ಇತ್ತು.

ಅದು 1937ರ ಫೆಬ್ರುವರಿ, ರವಿವಾರ. ಎರಡು ವರ್ಷ ಆ ಗುಜರಿ ಗಾಡಿಯನ್ನು ಶೆಡ್ಡಿನಲ್ಲಿಟ್ಟುಕೊಂಡು ಕೂಸಿನಂತೆ ಸಾಕಿದ್ದರು ಮಾಸ್ತರರು. ಹೊರಗಿದ್ದ ಗೇರಿನ ಹಿಡಿಕೆಯನ್ನು ಒಳಗೆ ತರಿಸಿ, ಅದರ ಸುತ್ತ ತೇಗದ ಪೆಟ್ಟಿಗೆ ಕೂರಿಸಿ, ಹೊಸ ಪೆಡಲು ಹಾಕಿಸಿ, ಮೊದಲ ಸಲ ಬೀದಿಗೆ ತಂದ ದಿನವೇ ಹೀಗಾಯಿತು. ತಪ್ಪು ಯಾರದು? ಕೇಳಬೇಕೆ? ಪೆಡಲು ಕೂರಿಸಿದ ಮಿಸ್ತ್ರಿ ಶರೀಫಸಾಬನದೇ! ಊರಿಗೆ ಊರೇ ಹಾಗಂದಿತು. ಸಂಜೆಯೊಳಗೆ ಫೌಜದಾರ ಗುರುಶಿದ್ದಪ್ಪನವರು ಅವನನ್ನು ಲಾಕಪ್ಪಿಗೆ ದಬ್ಬಿದರು.

ಬುಧವಾರ ಬೆಳಿಗ್ಗೆ ಅವನನ್ನು ಮಾಸ್ತರರ ಶೆಡ್ಡಿಗೆ ಕರೆತಂದರು. ಮುರುಕು ಕಾರನ್ನು ಎತ್ತು ಕಟ್ಟಿ ಎಳೆಸಿ ಅಲ್ಲೇ ನಿಲ್ಲಿಸಿದ್ದರು. ಶರೀಫಸಾಬನ ಬಲಗೈಯ ನಾಲ್ಕು ಬೆರಳು ಬದನೆಕಾಯಿಯಂತೆ ಬಾತಿದ್ದವು. ಪೊಲೀಸ ಬಸಣ್ಣ ಅವನ್ನು ಮೇಜಿನ ಮೇಲಿಡಿಸಿ ಲಾಠಿಯಿಂದ ಬಾರಿಸಿದ್ದ. ತಪ್ಪೊಪ್ಪಿದರೆ ಕುತ್ತಿಗೆಗೆ ಹಗ್ಗ, ಒಪ್ಪದಿದ್ದರೆ ಕೈ. ಶರೀಫಸಾಬ ಕೈ ಕೊಟ್ಟಿದ್ದ.

ಬಾಗಿಲಲ್ಲಿ ಮಾಸ್ತರರ ತಮ್ಮ ಹೆನ್ರಿ ತೋಳಿಗೆ ಕರಿ ಪಟ್ಟಿ ಕಟ್ಟಿಕೊಂಡು ನಿಂತಿದ್ದ. ಮಿಶನ್ ಕಾರಖಾನೆಯಲ್ಲಿ ಪಳಗಿದ ಬಡಿಗ. ಗೇರಿನ ಪೆಟ್ಟಿಗೆ ಅವನದೇ ಕೆಲಸ.

"ಪೆಡಲು ಹ್ಯಾಂಗ ಕೂಡಿಸಿದ್ದಿ, ಹೇಳು," ಅಂದರು ಫೌಜದಾರರು.

"ಎಡಕ ಕ್ಲಚ್ಚು, ನಡಕ ಎಕ್ಸಲೇಟರ್, ಬಲಕ ಬ್ರೇಕ್ ರಿ."

"ಈಗ ನಡಕ ಬ್ರೇಕ್ ಐತಿ, ಬಲಕ ಎಕ್ಸಲೇಟರ್. ಎಲ್ಲಾ ಗಾಡ್ಯಾಗ ಇರೂಹಂಗ."

"ಇದು ನಾ ಮಾಡಿದ್ದಲ್ಲರಿ. ಹಳೀ ಗಾಡ್ಯಾಗ ಎಕ್ಸಲೇಟರ್ ನಡಕ ಇರತಿತ್ತು. ಮಾಸ್ತರು ಕಲತದ್ದು ಅಂಥಾದ್ರ ಮ್ಯಾಲೆ. ಹೊಸಾ ರೀತಿ ಮಾಡೂಣು ಅಂದೆ. 'ಈ ವಯಸ್ಸಿನ್ಯಾಗ ನನ್ನ ಕಾಲು ಹೊಸಾ ಪಾಠ ಕಲಿಯಂಗಿಲ್ಲ' ಅಂದ್ರು."

"ಜಗಳ ಆತು?"

"ಆತ್ರಿ. ಆಮ್ಯಾಲೆ ಅವರು ಹೇಳಿದಂಗ ಮಾಡಿದೆ. ಶನಿವಾರ ಸಂಜೀಕ ಕೆಲಸ ಮುಗಿಸಿ ಹೋದೆ."

"ಬ್ರೇಕು, ಎಕ್ಸಲೇಟರ್ ಎರಡರ ಕಬ್ಬಿಣದ ಸಳಿ ಅದಲುಬದಲು ಮಾಡಾಕ ಎಷ್ಟು ಹೊತ್ತು ಬೇಕು?"

ಉತ್ತರ ತನ್ನ ಕುತ್ತಿಗೆಗೇ ಬರುತ್ತದೆಂದು ಶರೀಫಸಾಬನಿಗೆ ಗೊತ್ತಿತ್ತು. ಆದರೂ ಖರೆ ಹೇಳಿದ. "ಅರ್ಧ ತಾಸು ರಿ. ಎರಡಕ್ಕೂ ಒಂದ ಅಳತಿ ಪಿನ್ನು ಹಾಕೇನಿ. ಮುಂದ ಮಾಸ್ತರ ಮನಸ್ಸು ಬದಲಾದ್ರ ಲಗೂ ಬದಲಿ ಮಾಡಾಕ ಬರಲಿ ಅಂತ."

ಬಸಣ್ಣ ಕಿಸಕ್ಕನೆ ನಕ್ಕ.

"ಬದಲಾಗಿದ್ರ ಮಾಸ್ತರಿಗೆ ಶೆಡ್ಡಿನ್ಯಾಗನ ಗೊತ್ತಾಗಬೇಕಿತ್ತಲ್ಲ?" ಅಂದರು ಫೌಜದಾರರು.

"ಇಲ್ರಿ. ಸ್ಟೀರಿಂಗ್ ಕೆಳಗ ಕೈಲೆ ಎಳಿಯೂ ಕಡ್ಡಿ ಐತಿ. ಎಂಜಿನ್ ಅದರಲೇನ ಏರಸ್ತಿದ್ರು. ಗೇಟು ದಾಟಿದ ಕೂಡ್ಲೆ ಇಳುಕಲು. ಕಾಲಿಗೆ ಮೊದಲ ಬೇಕಾಗೂದು ಬ್ರೇಕ್."

ಅಂದರೆ ಮಾಸ್ತರರು ಬ್ರೇಕೆಂದು ಒತ್ತಿದರು. ಗಾಡಿ ಮತ್ತಷ್ಟು ಹಾರಿತು. ಹೆದರಿ ಇನ್ನೂ ಒತ್ತಿದರು. ಶರೀಫಸಾಬನಿಗೆ ಆ ಕ್ಷಣ ಕಣ್ಣಿಗೆ ಕಟ್ಟಿದಂತಾಯಿತು.

ಫೌಜದಾರರು ಮಂಡಿಯೂರಿ ಪೆಡಲುಗಳ ಬುಡಕ್ಕೆ ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ.

"ಈ ನೆಲದ ಹಲಗಿ ಯಾರು ಕೂಡಿಸಿದ್ದು?"

"ನಾ ರಿ. ಸಳಿ ಇದರ ಕೆಳಗ ಅದಾವು."

"ಹಿಂದಿನ ಸೀಟಿನ ಕೆಳಗಿನ ಹಲಗಿ?"

"ಅದೂ ನಾನ."

"ಹೆನ್ರಿಯವರ, ನೀವು?"

"ಪೆಟ್ಟಿಗಿ ಒಂದ ನಂದ್ರಿ. ಹಲಗಿಗೆ ನಾ ಕೈ ಹಚ್ಚಿಲ್ಲ."

"ಒಮ್ಮಿನೂ?"

"ಒಮ್ಮಿನೂ ಇಲ್ಲ."

"ಹಂಗಾರ ಇಲ್ಲೆ ಬರ್ರಿ. ಹಿಂದಿನ ಹಲಗಿ ಸ್ಕ್ರೂ ನೋಡ್ರಿ. ತಲಿ ಮ್ಯಾಲಿನ ಸೀಳು ಒಂದು ಪೂರ್ವಕ್ಕ, ಒಂದು ಉತ್ತರಕ್ಕ. ಮಿಸ್ತ್ರಿ ಬಿಗಿಯಾಗೂತನ ತಿರುವ್ಯಾನ, ಬಿಟ್ಟಾನ. ಈಗ ನಿಮ್ಮ ಪೆಟ್ಟಿಗಿ ನೋಡ್ರಿ. ಎಂಟೂ ಸೀಳು ಒಂದ ದಿಕ್ಕಿಗೆ. ನಮ್ಮ ಕಚೇರಿ ಕಪಾಟೂ ನಿಮ್ಮ ಕಾರಖಾನೀದ, ಅದೂ ಹಿಂಗ. ಜರ್ಮನ್ ಪಾದ್ರಿ ಕಲಿಸಿದ್ದಂತ, ಹೌದಿಲ್ಲೊ?"

ಫೌಜದಾರರು ಬೆರಳನ್ನು ಪೆಡಲುಗಳ ಬುಡಕ್ಕೆ ಸರಿಸಿದರು.

"ಈಗ ಪೆಡಲಿನ ಕೆಳಗಿನ ಹಲಗಿ. ಆರು ಸ್ಕ್ರೂ. ಆರೂ ಸೀಳು ಒಂದ ದಿಕ್ಕಿಗೆ. ರವಿವಾರ ಅಣ್ಣ ಚರ್ಚಿಗೆ ಹೋದಾಗ ನೀವು ಹೊಟ್ಟಿ ನೋವು ಅಂತ ಮನ್ಯಾಗ ಉಳಿದ್ರಿ. ಹಲಗಿ ಬಿಚ್ಚಿದ್ರಿ, ಸಳಿ ಬದಲಿ ಮಾಡಿದ್ರಿ, ಮತ್ತ ಹಾಕಿದ್ರಿ. ಕೊಲ್ಲಾಕ ಕೂತಾಗನೂ ಕೆಲಸ ಹೊಲಸು ಮಾಡಾಕ ನಿಮ್ಮ ಕೈ ಒಪ್ಪಲಿಲ್ಲ. ಕೊಂದಾವ್ರು ನೀವು."

ಹೆನ್ರಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ.

"ಡೋರಾನ್ನ ಮದುವಿ ಆಗಬೇಕಂತ ಆರು ವರ್ಷ ಕಾದೇನ್ರಿ. ಅಣ್ಣಗ ಗೊತ್ತಿತ್ತು. ಗೊತ್ತಿದ್ದೂ ಆಕಿ ಅಪ್ಪನ ಕಡೆ ತನಗ ಕೇಳಿದ. ಅವತ್ತು ಹೊಂಟಿದ್ದು ನಿಶ್ಚಯಕ್ಕ ಆಕೀನ ಕರಕೊಂಡು ಬರಾಕ. 'ಡೋರಾ ಕೂಡ್ರೂ ಕಡೆ ಪಾಲೀಶ ಛಲೋ ಹೊಡಿಯೋ' ಅಂದ. ನಕ್ಕೋತ ಅಂದ."

"ಆಕಿ ಗಾಡ್ಯಾಗ ಇದ್ದಿದ್ರ?"

"ಹೋಗೂವಾಗ ಇಳುಕಲು, ಬರೂವಾಗ ಏರು. ಆಕಿ ಹತ್ತೂದರೊಳಗ ಮುಗೀಬೇಕು ಅಂತ ಎಲ್ಲಾ ಎಣಿಸಿದ್ದೆ."

ಅವನ ಕೈಗೆ ಬೇಡಿ ಬಿತ್ತು. ಶರೀಫಸಾಬ ಮಾತ್ರ ಇನ್ನೂ ಆ ಆರು ಸ್ಕ್ರೂಗಳನ್ನೇ ನೋಡುತ್ತಿದ್ದ.

"ಸಾಹೇಬ್ರ, ಇವು ರವಿವಾರನೂ ಹಿಂಗ ಇದ್ದೂವಲ್ಲರಿ?"

"ಇದ್ದೂವು."

"ರವಿವಾರನೂ ನೀವು ಗಾಡಿ ನೋಡಿದ್ರಿ."

ಫೌಜದಾರರು ಮಂಡಿಯ ಧೂಳು ಜಾಡಿಸಿಕೊಂಡರು. "ನಿನ್ನ ಬಿಟ್ಟೇನಿ, ಮನಿಗೆ ಹೋಗು. ಯಾರರ ಕೇಳಿದ್ರ ಕೈ ಎಂಜಿನ್ನಿಗೆ ಸಿಕ್ತು ಅನ್ನು. ತಿಳೀತಿಲ್ಲೊ?"

ಗೇಟಿನಲ್ಲಿ ಹೆಂಡತಿ ಹಾಜರಾಬಿ ಮುಂಜಾನೆಯಿಂದ ಕಾದು ನಿಂತಿದ್ದಳು. ಗಂಡನ ಕೈ ಹಿಡಿಯಲು ಹೋಗಿ ಹಿಂದೆ ಸರಿದಳು. ಕಡುಬಿನಷ್ಟು ದಪ್ಪವಾಗಿದ್ದ ಆ ಬೆರಳು ಇನ್ನು ನಟ್ಟು ತಿರುಗಿಸುವ ಪಾನಾ ಹಿಡಿಯುವ ಹಾಗಿರಲಿಲ್ಲ. ಅದನ್ನು ತಿಳಿಯಲು ಅವಳಿಗೆ ಡಾಕ್ಟರು ಬೇಕಿರಲಿಲ್ಲ.

"ಕೈಗೇನಾತ್ರಿ?"

ಶರೀಫಸಾಬ ತಿರುಗಿ ನೋಡಿದ. ಬಸಣ್ಣ ಲಾಠಿ ಬಗಲಲ್ಲಿಟ್ಟುಕೊಂಡು ಅಲ್ಲೇ ನಿಂತಿದ್ದ.

"ಎಂಜಿನ್ನಿಗೆ ಸಿಕ್ತು," ಅಂದ ಶರೀಫಸಾಬ.

ಹಾಜರಾಬಿ ಬಸಣ್ಣನನ್ನೂ ನೋಡಿದಳು, ಗಂಡನನ್ನೂ ನೋಡಿದಳು.

"ಲಾಕಪ್ಪಿನ್ಯಾಗ ಎಂಜಿನ್ ಎಲ್ಲಿಂದ ಬಂತ್ರಿ?"