ಬಿಲ್ಡ್ ಕೇಳುವ ನೆಪ

ಆ್ಯಪ್‌ಗಳನ್ನು ಪರೀಕ್ಷಿಸುವುದು ಅವಳ ಕೆಲಸ. ಹೊಸ ಬಿಲ್ಡ್, ಅಂದರೆ ಪರೀಕ್ಷೆಗೆ ಸಿದ್ಧವಾದ ಆ್ಯಪ್‌ನ ಹೊಸ ಪ್ರತಿ, ಬೇಕಾದಾಗಲೆಲ್ಲ ಅದನ್ನು ತಯಾರಿಸಿಕೊಡುವ ಇಂಜಿನಿಯರನ ಮೇಜಿಗೆ ಹೋಗಬೇಕಿತ್ತು. ಯಾವ ಭಾಷೆ, ಯಾವ ಸರ್ವರ್, ಯಾವ ವರ್ಷನ್ ಎಂದು ಅವಳು ಹೇಳುತ್ತಿದ್ದಳು. ಅವನು ಅವನ್ನು ಒಂದೊಂದಾಗಿ ಕಂಪ್ಯೂಟರಿನಲ್ಲಿ ತುಂಬಿ ರನ್ ಒತ್ತುತ್ತಿದ್ದ. ಬಿಲ್ಡ್ ಮುಗಿಯುವವರೆಗೆ ಪಕ್ಕದ ಕುರ್ಚಿ ಅವಳದು. ಪರದೆಯ ಬೆಳಕು ಅವನ ಕನ್ನಡಕದ ಮೇಲೆ ಹರಿಯುವುದನ್ನು ಕದ್ದು ನೋಡುತ್ತಿದ್ದಳು. ಅವನು ತಿರುಗಿದರೆ ಕಿಟಕಿ ನೋಡುತ್ತಿದ್ದಳು.

ಒಂದು ಸೋಮವಾರ ಅವನೇ ಬಂದ. "ನೀವಿನ್ನು ನನಗೋಸ್ಕರ ಕಾಯ್ಬೇಕಾಗಿಲ್ಲ. ಈ ಪೇಜಲ್ಲಿ ಬೇಕಾದ್ದು ತುಂಬಿ ರನ್ ಒತ್ತಿ, ಬಿಲ್ಡ್ ತಾನೇ ಶುರುವಾಗುತ್ತೆ."

"ಥ್ಯಾಂಕ್ಸ್" ಎಂದಳು. ಮತ್ತೆ ಕಿಟಕಿಯತ್ತ ತಿರುಗಿದಳು.

ಮನೆಯಲ್ಲಿ ಅಕ್ಕ ಬಿಡಲಿಲ್ಲ. "ಕೆಲಸ ಹಗುರಾದ್ರೆ ಯಾರಾದ್ರೂ ಮುಖ ಊದಿಸ್ಕೊಳ್ತಾರೇನೇ?"

"ನನ್ನ ಕಾಟ ತಪ್ಪಲಿ ಅಂತ ಆ ಪೇಜ್ ಮಾಡಿದ್ದಾರೆ ಕಣೆ."

"ಹಾಗಂತ ಅವರು ಹೇಳಿದ್ರಾ?"

ಹೇಳಿರಲಿಲ್ಲ. ಪೇಜು ಒಮ್ಮೆಯೂ ಕೈಕೊಡಲಿಲ್ಲ. ಅದೇ ಅವಳ ಸಂಕಟ. ಆಫೀಸಿನಲ್ಲಿ ನೀರು ತರಲು ಸುತ್ತುಬಳಸಿ ಅವನ ಮೇಜಿನ ಮುಂದೆಯೇ ಹೋದಳು. ಅವನ ಪಕ್ಕದ ತನ್ನ ಕುರ್ಚಿಯ ಮೇಲೆ ಯಾರದೋ ಬ್ಯಾಗು ಕೂತಿತ್ತು. ತಡೆಯಲಾರದೆ ಒಂದು ಮಧ್ಯಾಹ್ನ, ಸರ್ವರ್ ಎಂಬಲ್ಲಿ ಇಲ್ಲದ ಹೆಸರೊಂದನ್ನು ಬರೆದು ರನ್ ಒತ್ತಿಬಿಟ್ಟಳು. ಪರದೆ ಕೆಂಪಾಯಿತು. ಬಿಲ್ಡ್ ಕೆಟ್ಟರೆ ಅವನಿಗೂ ಸಂದೇಶ ಹೋಗುತ್ತಿತ್ತು; ಅವಳು ಪೇಜು ಮುಚ್ಚುವ ಮೊದಲೇ ಅವನು ಬಂದು ನಿಂತಿದ್ದ.

"ಈ ಹೆಸರಿನ ಸರ್ವರೇ ಇಲ್ವಲ್ಲ."

"ಗೊತ್ತು." ಬಾಯಿ ಜಾರಿತ್ತು.

ಅವನು ಕುರ್ಚಿ ಎಳೆದುಕೊಂಡು ಕೂತ. "ಗೊತ್ತಿದ್ದೂ ಯಾಕೆ ಹಾಕಿದ್ರಿ?"

"ಬಿಲ್ಡ್ ಕೆಟ್ರೆ ನೀವು ಬರ್ತೀರಿ ಅಂತ. ನಾನು ಬಂದು ಕೂರೋದು ನಿಮಗೆ ಕಾಟ ಆಗಿತ್ತು, ಅಲ್ವಾ?"

ಅವನು ಕನ್ನಡಕ ತೆಗೆದು ಒರೆಸಿದ. ಅವನ ಕಣ್ಣು ಇಷ್ಟು ಸೋತಿರುವುದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

"ನನ್ನನ್ನ ಬೇರೆ ಟೀಮಿಗೆ ಹಾಕಿದ್ದಾರೆ. ಆಚೆ ಕಟ್ಟಡಕ್ಕೆ ಹೋಗ್ಬೇಕು. ನನ್ನ ಜಾಗಕ್ಕೆ ಬರೋರು ನಿಮ್ಮನ್ನ ಎಷ್ಟು ಕಾಯಿಸ್ತಾರೋ ಅಂತ ಆ ಪೇಜ್ ಮಾಡಿದೆ. ಮಾಡಿದ ದಿನದಿಂದ ನನ್ನ ಕಾಲಿಗೆ ನಾನೇ ಕೊಡಲಿ ಹಾಕ್ಕೊಂಡ ಹಾಗಾಗಿದೆ. ಯಾರೂ ಏನೂ ಕೇಳೋಕೆ ಬರಲ್ಲ."

ಅವಳು ಸರ್ವರ್ ಹೆಸರು ತಿದ್ದಿ ಮತ್ತೆ ರನ್ ಒತ್ತಿದಳು. "ಮುಗಿಯೋಕೆ ಹೊತ್ತಾಗುತ್ತೆ."

"ಕೂತಿರ್ತೀನಿ."

"ಆಚೆ ಕಟ್ಟಡಕ್ಕೆ ಹೋದ್ಮೇಲೆ?"

"ಆಗ ಬಿಲ್ಡು ಗಿಲ್ಡು ಅನ್ನೋ ನೆಪ ಬೇಡ. ನೀವು ಕರೆದ್ರೆ ಸಾಕು, ಬರ್ತೀನಿ."

"ಬಾ" ಎಂದಳು. ಆ ಏಕವಚನಕ್ಕೆ ತಾನೇ ಬೆಚ್ಚಿ ತಲೆ ತಗ್ಗಿಸಿದಳು.

ಅವನು ಮೇಜಿನ ಮೇಲಿದ್ದ ಅವಳ ಕೈಗೆ ತಾಗುವಂತೆ ತನ್ನ ಕೈಯಿಟ್ಟ. ಬಿಲ್ಡ್ ಯಾವಾಗ ಮುಗಿಯಿತೋ, ಇಬ್ಬರೂ ನೋಡಲಿಲ್ಲ.