ಅರ್ವೊನ ಸೈಕಲ್ಲಿನ ಬ್ರೇಕು

ಸೈಕಲ್ಲಿಗೆ ಅಂಥ ಕ್ಯಾಲಿಪರ್ ಬ್ರೇಕಿನ ಜೋಡಿ ಹಾಕಿಕೊಂಡು ಮುದುಕಿ ಲೆಂಪಿ ದಿನಾ ಹಾಲು ತರೋಕೆ ಹೋಗ್ತಾಳಲ್ಲ ಅನ್ನೋದೇ ಒರಿನ್‌ಗೆ ಸಂಕಟ. ಚಕ್ರದ ರಿಮ್ಮನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಆ ಅಪರೂಪದ ಇಟಲಿಯ ಬ್ರೇಕುಗಳು ಗಾಜಿನ ಬೀರುವಿನಲ್ಲಿ ಇರಬೇಕಾದವು. ಅಮೆರಿಕದ ಡುಲೂತ್ ಊರಿನ ಇಳಿಜಾರು ಬೀದಿಗಳಲ್ಲಿ, ಹಿಮ ಕರಗಿಸಲು ಎರಚಿದ ಉಪ್ಪು ಮೆತ್ತಿಕೊಂಡು ಹಾಳಾಗುತ್ತಿದ್ದವು.

ಮಾರಿಬಿಡಿ ಅಂದಾಗಲೆಲ್ಲ ಮುದುಕಿ ನಗುತ್ತಿದ್ದಳು. "ನನ್ನ ಗಂಡ ಅರ್ವೊ ಅಂತೂ ಹೋದ. ಅವನ ಸೈಕಲ್ಲೂ ಹೋದ್ರೆ ಯಾರ ಜೊತೆ ಜಗಳ ಆಡ್ಲಿ ಮಾರಾಯಾ?"

ಒರಿನ್ ತನ್ನ ಸೈಕಲ್ ರಿಪೇರಿ ಅಂಗಡಿಯಲ್ಲಿ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಕೊನೆಗೆ ಅದೇ ಕಂಪನಿ ಆಮೇಲೆ ತಂದ, ಎಲ್ಲೆಂದರಲ್ಲಿ ಸಿಗುವ ಅಗ್ಗದ ಜೋಡಿಯೊಂದನ್ನು ಹುಡುಕಿದ. ನೋಡಲು ತದ್ರೂಪ. ರಿಮ್ ಕಚ್ಚುವ ತೋಳಿನ ಅಳತೆಯಲ್ಲಿ ಕೊಂಚ ವ್ಯತ್ಯಾಸ. ಅದನ್ನು ಯಾರು ಅಳೀತಾರೆ? ಉಪ್ಪುನೀರಲ್ಲಿ ನೆನೆಸಿ ಹೊಳಪು ಕೊಂದ. ಲೆಂಪಿಯ ಬ್ರೇಕಿನ ಮೇಲಿದ್ದ ಗೀರನ್ನು ನೆನಪಿನಿಂದಲೇ ಮೊಳೆಯಲ್ಲಿ ಎಳೆದ.

ಚಳಿ ಮುಗಿಯುತ್ತಲೇ, ಅರ್ವೊನ ನೆನಪಿಗೆ ಪುಕ್ಕಟೆ ಸರ್ವಿಸ್ ಅಂತ ಸೈಕಲ್ ತರಿಸಿಕೊಂಡ. ಹಳೆಯ ಬ್ರೇಕು ಬಿಚ್ಚಿ, ಅದರ ಕೊಳೆಯನ್ನೇ ಕೆರೆದು ಹೊಸದಕ್ಕೆ ಸವರಿ ಕೂರಿಸಿದ; ಹಳೆಯದನ್ನು ತನ್ನ ಬೀರುವಿಗೆ ಸೇರಿಸಿದ. ರಿಮ್ಮಿಗೆ ಉಜ್ಜುವ ಹಳೆಯ ರಬ್ಬರ್ ತುಂಡುಗಳನ್ನೇ, ಹಳೆಯ ತಂತಿಯನ್ನೇ ಹಾಕಿದ. ಹ್ಯಾಂಡಲಿನ ಲಿವರುಗಳ ತಂಟೆಗೇ ಹೋಗಲಿಲ್ಲ. ಮುದುಕಿಯ ಅಂಗೈ ದಿನಾ ಮುಟ್ಟುವ ಜಾಗ ಅದು, ಹಾಗೇ ಇರಲಿ. ಲಿವರ್ ಒತ್ತಿದರೆ ಬ್ರೇಕು ಗಪ್ಪನೆ ಕಚ್ಚಿತು. ನನ್ನ ಕೈಗುಣ, ಅಂದುಕೊಂಡ.

ಸೈಕಲ್ ಒಯ್ಯಲು ಬಂದ ಲೆಂಪಿ ಬಗ್ಗಿ ಬ್ರೇಕು ನೋಡಿದಳು. ಒರಿನ್ ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸಿದ.

"ಪುಕ್ಕಟೆ ಅಂದ್ರೆ ತೊಳೆಯೋದೂ ಇಲ್ವೇನೋ? ಕೊಳೆ ಎಲ್ಲಾ ಹಾಗೇ ಇದೆ!"

ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ? ಆಕೆ ಅತ್ತ ಹೋದಮೇಲೆ ಬೀರು ತೆಗೆದು ಕ್ಯಾಲಿಪರ್ ನೋಡಿದ, ಮುಚ್ಚಿದ, ಮತ್ತೆ ತೆಗೆದ. ಅಷ್ಟರಲ್ಲಿ ಆಕೆ ಸೈಕಲ್ ತಳ್ಳಿಕೊಂಡು ವಾಪಸ್ಸು ಬಂದಳು. ಬೀರು ಧಡ್ಡನೆ ಮುಚ್ಚಿತು.

"ನಿಂತುಬಿಡ್ತು ಕಣೋ ಒರಿನ್! ಚರ್ಚ್ ಹತ್ರ ಬ್ರೇಕ್ ಹಿಡಿದ್ರೆ ಕೆಳಗೆ ಸರೋವರದ ರಸ್ತೇಲಿ ನಿಲ್ತಿತ್ತು. ಇವತ್ತು ಚರ್ಚ್ ಮುಂದೇನೇ ನಿಂತು, ಹ್ಯಾಂಡಲ್ ಮೇಲೆ ಮುಗ್ಗರಿಸಿದೆ. ಪಾದ್ರಿ ಓಡಿಬಂದ್ರು!"

"ಸ್ವಲ್ಪ ಬಿಗಿ ಮಾಡಿದೆ, ಲೆಂಪಿ. ನಿಮಗೆ ಒಳ್ಳೇದೇ ಆಯ್ತಲ್ಲ."

"ಬಿಗಿ ಮಾಡೋದು ಅರ್ವೊಗೆ ಗೊತ್ತಿರ್ಲಿಲ್ವೇನೋ?" ಆಕೆಯ ನಗು ಅಲ್ಲಿಗೇ ನಿಂತಿತು. ಕಣ್ಣು ಕ್ಯಾಲಿಪರ್ ಮೇಲಿಂದ ಸರಿದು ಬೀರುವಿನ ಕಡೆ ಹೋಯಿತು.

ಆಕೆ ಲಿವರಿನ ರಬ್ಬರ್ ಹೊದಿಕೆಯನ್ನು ಹಿಂದಕ್ಕೆ ಸುಲಿದಳು. ಒಳಗಿದ್ದ ಕಂಪನಿಯ ಮುದ್ರೆಯನ್ನು ಒರಿನ್ ಕಂಡೊಡನೆ ಗುರುತಿಸಿದ: ಅವನು ಹಾಕಿದ ಅಗ್ಗದ ಕ್ಯಾಲಿಪರಿನ ಜೊತೆಗೇ ಬರುವ ಲಿವರು ಅದು. "ಮೊದಲಿನ ಲಿವರ್ ಮುರಿದುಹೋಗಿತ್ತು ಅಂತ ಅರ್ವೊ ಬೇರೆ ಸೈಕಲ್ಲಿನ ಲಿವರ್ ಹಾಕಿದ್ದ," ಅಂದಳು ಲೆಂಪಿ. "ಇದು ತಂತಿ ಎಳೆಯೋ ಅಳತೆ ಆ ಇಟಲಿ ಬ್ರೇಕಿಗೆ ಕೂಡ್ತಾ ಇರ್ಲಿಲ್ಲ. ಕ್ಯಾಲಿಪರ್ ಬದಲಾಯಿಸದೆ ಇದು ಜನ್ಮದಲ್ಲಿ ಸರಿಯಾಗಿ ನಿಲ್ಲಲ್ಲ ಅಂತ ಸಾಯೋವರೆಗೂ ಹೇಳ್ತಿದ್ದ. ಬೀರು ತೆಗಿ, ಒರಿನ್."